ಹೊಟ್ಟೆಯಲ್ಲಿ ಎರಡು ‘ಸಾಕು’ ಇಟ್ಟುಕೊಂಡ ಯಂತ್ರ

ಅಶ್ಫಾಕನ ಬಗ್ಗೆ ಬರೆಯುವುದಾದರೆ ಮೊದಲು ಏಣಿಯ ಸಂಗತಿ ಹೇಳಿ ಮುಗಿಸಬೇಕು. ಇಲ್ಲದಿದ್ದರೆ ಇಳಕಲ್ಲಿನ ನಮ್ಮ ಓಣಿಯವರು ಓದಿ, ಮುಖ್ಯವಾದದ್ದನ್ನೇ ಬಿಟ್ಟಿದ್ದಾನೆ ಎಂದು ನನ್ನನ್ನು ಬೈಯುತ್ತಾರೆ.

ಕಾರ್ಖಾನೆಯ ಯಂತ್ರ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳಲು ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದಕ್ಕೆ ಪಿಎಲ್‌ಸಿ ಎನ್ನುತ್ತಾರೆ. ಆ ಪೆಟ್ಟಿಗೆಗೆ ಬುದ್ಧಿ ಹೇಳುವ ಬರಹದ ಹೆಸರು ಲ್ಯಾಡರ್. ಎರಡು ಕಡೆ ಎರಡು ಉದ್ದ ಗೆರೆ, ನಡುವೆ ಮೆಟ್ಟಿಲು, ನೋಡಲು ಥೇಟ್ ಏಣಿ. ಅಶ್ಫಾಕ ಆ ಬುದ್ಧಿ ಹೇಳುವ ಕೆಲಸದವನು. ನಾನು ವಿಜಯಮಹಾಂತೇಶ, ಅವನ ಬಾಲ್ಯದ ಗೆಳೆಯ, ಆ ಪೆಟ್ಟಿಗೆಯನ್ನು ಇಡುವ ತಗಡಿನ ಡಬ್ಬಿ ಮಾಡುವವನು. ಇಬ್ಬರದೂ ಒಂದೇ ಅಂಗಡಿ. ಅಂಗಡಿ ತೆರೆದ ವರ್ಷ ಬಾಗಿಲ ಮೇಲೆ ‘ಲ್ಯಾಡರ್ ಕೆಲಸ ಮಾಡಿಕೊಡಲಾಗುವುದು’ ಎಂದು ಬೋರ್ಡು ಬರೆಸಿದೆವು. ಮೊದಲ ಗಿರಾಕಿಯಾಗಿ ಬಂದವನು ಒಬ್ಬ ಪೇಂಟರು.

“ಎಷ್ಟ ಫೂಟಿನ ಏಣಿ ಅದಾವ್ರಿ ನಿಮ್ಮಲ್ಲಿ?” ಎಂದ.

ಯಾರನ್ನಾದರೂ ಹಾಗೇ ವಾಪಸ್ಸು ಕಳಿಸುವುದು ಅಶ್ಫಾಕನ ಜಾಯಮಾನದಲ್ಲಿಲ್ಲ. ಕೂರಿಸಿ, ಚಹಾ ತರಿಸಿ, ಅರ್ಧ ಗಂಟೆ ಪಿಎಲ್‌ಸಿ ಎಂದರೇನು ಎಂದು ತಿಳಿಸಿ ಹೇಳಿದ. ಪೇಂಟರು ಎಲ್ಲವನ್ನೂ ತಲೆದೂಗಿ ಕೇಳಿದ. ಕೊನೆಗೆ ಕಪ್ಪು ಕೆಳಗಿಟ್ಟು, “ಎಲ್ಲಾ ಖರೇ ರೀ. ನನಗ ಹತ್ತ ಫೂಟಿಂದು ಇದ್ರ ನಡೀತಿತ್ತು” ಎಂದ. ಹೀಗೆ ಐದು ಮಂದಿ ಬಂದು ಹೋದ ಮೇಲೆ ನನಗೆ ತಲೆ ಕೆಟ್ಟು, ನಾನೇ ಹೋಗಿ ಒಂದು ಬಿದಿರಿನ ಏಣಿ ತಂದು ಅಂಗಡಿಯ ಗೋಡೆಗೆ ಆನಿಸಿಟ್ಟೆ. ಇವತ್ತಿಗೂ ಹುನಗುಂದದವರೆಗೆ ಅವನು ‘ಏಣಿ ಅಶ್ಫಾಕ’ ಎಂದೇ ಪ್ರಸಿದ್ಧ. ಏಣಿಯಂತೂ ದಿನಾ ಯಾರಾದರೊಬ್ಬರ ಹೆಗಲೇರಿ ಬಾಡಿಗೆಗೆ ಹೋಗುತ್ತದೆ, ಒಂದು ದಿನವೂ ಗೋಡೆಗೆ ಆನಿಕೊಂಡು ನಿಂತದ್ದಿಲ್ಲ. ಏಣಿಯ ವಿಷಯ ಮುಗಿಯಿತು.

ಅವನು ಬಾಗಲಕೋಟೆಯಲ್ಲಿ ಐಟಿಐ ಓದಿದ. ಆಮೇಲೆ ಇಲ್ಲೇ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕೆಲವು ವರ್ಷ ಕಿವಿ ಕಿವುಡಾಗುವಷ್ಟು ದುಡಿದ. ಅನಂತರ ರಾಮಥಾಳದ ಏತ ನೀರಾವರಿಯಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ವಯರು ಎಳೆದ. ಅಲ್ಲಿ ಯಾರೋ ಬಿಟ್ಟುಹೋದ, ಮೊದಲ ಹತ್ತು ಪುಟ ಇಲ್ಲದ ಒಂದು ಪುಸ್ತಕ ಸಿಕ್ಕಿತು. ಲ್ಯಾಡರ್ ಕಲಿತದ್ದು ಅದರಿಂದಲೇ. ಮೊದಲ ಹತ್ತು ಪುಟದಲ್ಲಿ ಏನಿತ್ತೋ ಅದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಹಾಗಾಗಿ ಆ ಭಾಗವನ್ನು ಅವನೇ ಹುಟ್ಟಿಸಿಕೊಂಡಿದ್ದಾನೆ, ಸಿಕ್ಕಸಿಕ್ಕಲ್ಲಿ ಪಾಠ ಬೇರೆ ಹೇಳುತ್ತಾನೆ.

ನನಗೆ ಪಾಠವಾದದ್ದು ಕುಳಗೇರಿ ಕ್ರಾಸಿನಲ್ಲಿ. ಬಾದಾಮಿ ಕಡೆಯ ಕೆಲಸ ಮುಗಿಸಿ ಬರುವಾಗ ಬಸ್ಸು ತಪ್ಪಿತ್ತು. ಎದುರಿಗೆ ಒಂದು ಚಹಾದ ಹೋಟೆಲು.

“ಲೇ ಮಾಂತ್ಯಾ, ನಾ ಕರೆಂಟ್ ಅಂತ ತಿಳಿ” ಎಂದ ಅಶ್ಫಾಕ. “ಈ ರಸ್ತೆ ಎಡಗಂಬ. ಅಲ್ಲಿ ಚಾ ಕುದಿಯಾಕತ್ತೈತಲ್ಲ, ಅದು ಬಲಗಂಬ. ನಾ ಇಲ್ಲಿಂದ ಹೋಗಿ ಅಲ್ಲಿ ಮುಟ್ಟಬೇಕು. ಅಷ್ಟ ಲ್ಯಾಡರ್ ಅಂದ್ರ. ಈಗ ನೋಡು, ಹೊರಗಿನ ಬಾಗಿಲು ಒಂದು, ಒಳಗಿಂದು ಒಂದು, ಒಂದರ ಹಿಂದ ಒಂದು. ಎರಡೂ ತೆರೆದಿದ್ರ ಅಷ್ಟ ನನಗ ಚಾ. ಅದು ‘ಇದೂ ಬೇಕು, ಅದೂ ಬೇಕು.’ ಅದ ಬಾಗಲಾ ಮಗ್ಗಲ ಮಗ್ಗಲಕ ಇದ್ದೂ ಅಂತ ತಿಳಿ, ಯಾವದರ ಒಂದು ತೆರೆದಿದ್ರ ಸಾಕು. ಅದು ‘ಇದಾದ್ರೂ ಆಗಲಿ, ಅದಾದ್ರೂ ಆಗಲಿ.’ ಹಿತ್ತಲ ಬಾಗಿಲೈತಲ್ಲ, ಅದು ಮಾಲಕ ಎಚ್ಚರಿದ್ರ ಮುಚ್ಚಿರತೈತಿ, ಎಚ್ಚರಿಲ್ಲದಿದ್ರ ತೆರೆದಿರತೈತಿ. ಅದು ‘ಇಲ್ಲ.’ ಈ ಮೂರ ಮ್ಯಾಲ ಜಗತ್ತಿನ ಎಲ್ಲಾ ಕಾರ್ಖಾನಿ ನಡದಾವ.”

“ಮತ್ತ ಗುಂಡಿ ಒತ್ತಿ ಕೈ ಬಿಟ್ರೂ ಮೋಟಾರ್ ಓಡತಿರತೈತಲ್ಲ, ಅದು?”

ಅವನಿಗೆ ಬೇಕಾದದ್ದೂ ಅದೇ ಪ್ರಶ್ನೆ. ಎದ್ದು ಹೋಗಿ ಹೋಟೆಲಿನ ಬಾಗಿಲನ್ನು ತೆರೆದು, ಅದು ಮುಚ್ಚದಂತೆ ತನ್ನ ಕಾಲು ಅಡ್ಡ ಕೊಟ್ಟು ನಿಂತ. “ಇದು ಲ್ಯಾಚ್. ಒಳಗ ಹೊಕ್ಕಾಂವ ತಾನ ಬಾಗಿಲು ಹಿಡದು ನಿಲ್ಲೂದು. ತೆರೆದಾಂವ ಹೋದ್ರೂ ಬಾಗಿಲು ಮುಚ್ಚೂದಿಲ್ಲ.”

ಹೋಟೆಲಿನ ಮಾಲೀಕ ಚಹಾದ ಸೌಟು ಹಿಡಿದೇ ಬಂದು, “ತಮ್ಮಾ, ಬಾಗಿಲದಾಗ ನಿಂತ್ರ ಮಂದಿ ಹೆಂಗ ಬರಬೇಕು?” ಎಂದು ಅವನ ಹೆಗಲು ಹಿಡಿದು ಹೊರಗೆ ದಬ್ಬಿದ. ಅಶ್ಫಾಕ ರಸ್ತೆಯಲ್ಲಿ ಸಾವರಿಸಿಕೊಂಡು ನಿಂತು, “ಇದು ಸ್ಟಾಪ್” ಎಂದು ಪಾಠ ಪೂರ್ತಿ ಮಾಡಿದ.

ಇಂಥವನಿಗೆ ಕಲಾದಗಿಯಲ್ಲಿ ದಾಳಿಂಬೆ ತೋಟದವರೊಬ್ಬರು ಗಂಟು ಬಿದ್ದರು. “ನಾ ತೋಟದಾಗ ಇದ್ರ ಮೋಟಾರ ಓಡಬೇಕು. ನಾ ತೋಟದಾಗ ಇಲ್ಲದಿದ್ರೂ ಓಡಬೇಕು. ಹಂಗ ಮಾಡಿ ಕೊಡ್ರಿ” ಎಂದರು. ಅಶ್ಫಾಕ ಕಾಗದದ ಮೇಲೆ ಬರೆದು, ಹೊಡೆದು, ಮತ್ತೆ ಬರೆದು, “ಇದಕ್ಕ ಪಿಎಲ್‌ಸಿ ಬ್ಯಾಡ್ರಿ, ಒಂದು ವಯರ್ ಸಾಕು” ಎಂದ. ಅವರಿಗೆ ಸಿಟ್ಟೇ ಬಂತು. ಅವರ ಬೀಗರ ತೋಟದಲ್ಲಿ ಡಬ್ಬಿ ಇತ್ತಂತೆ, ಇವರಿಗೆ ಇರಬಾರದೇ? ಕೊನೆಗೆ ನಾನು ನನ್ನ ಜೀವಮಾನದಲ್ಲೇ ದೊಡ್ಡದಾದ ಡಬ್ಬಿ ಮಾಡಿದೆ. ಅಶ್ಫಾಕ ಅದರೊಳಗೆ ಒಂದು ಗೇಣು ವಯರು ಮತ್ತು ಒಂದು ಹಸಿರು ದೀಪ ಹಾಕಿ ಬೀಗ ಜಡಿದ. ಅದರೊಳಗೆ ಇರುವುದು ಇಷ್ಟೇ ಎಂದು ಅವರಿಗೂ ಹೇಳಿದ, ಸುಳ್ಳು ಅವನಿಗೆ ಬಾರದು. ಅವರು ಇವತ್ತಿಗೂ ಬೀಗರ ಎದುರು, “ನಮ್ಮದು ಒಂದ ಸಲಾನೂ ಕೆಟ್ಟಿಲ್ಲ” ಎನ್ನುತ್ತಾರೆ.

“ಯಂತ್ರಕ್ಕ ಬರಿಯೂದು ಸಸಾರ” ಎಂದು ಅಂದು ಬಸ್ಸಿನಲ್ಲಿ ಅಶ್ಫಾಕ ಹೇಳಿದ. “ಮಂದಿಗೆ ಏನ ಬೇಕಾಗೇತಿ ಅಂತ ತಿಳಿಯೂದು ಬಿರಿ.” ಅದು ಎಷ್ಟು ಕಷ್ಟ ಎಂಬುದು ಅವನಿಗೆ ತಿಳಿದದ್ದು ನಮ್ಮಿಬ್ಬರ ತಾಯಂದಿರ ಕೈಗೆ ಸಿಕ್ಕಾಗ.

ನನ್ನ ಅವ್ವ ಸಿದ್ದಲಿಂಗವ್ವ, ಅಶ್ಫಾಕನ ಅಮ್ಮ ಮಾಬುಬಿ. ನಾನು ಚಾಚಿ ಎನ್ನುತ್ತೇನೆ. ಇಬ್ಬರೂ ಮೂವತ್ತು ವರ್ಷದಿಂದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಎದುರುಬದುರು ಕುಳಿತು ಜೋಳದ ರೊಟ್ಟಿ ಬಡಿದವರು. ಊರಿನ ಖಾನಾವಳಿಗೆ, ಮದುವೆ ಮನೆಗೆ, ಮಠದ ಪ್ರಸಾದಕ್ಕೆ ಅವರದೇ ರೊಟ್ಟಿ. ನಾವಿಬ್ಬರೂ ಆ ಪಟಪಟ ಸದ್ದಿನಲ್ಲೇ ನಿದ್ದೆ ಮಾಡಿ, ಅದೇ ಸದ್ದಿಗೆ ಎದ್ದು ಬೆಳೆದವರು. ಚಾಚಿಗೆ ಒಂದು ಅಭ್ಯಾಸವಿತ್ತು. ನಮ್ಮ ನೆತ್ತಿಗೆ ಫಟ್ಟೆಂದು ಒಂದು ಕೊಡದೆ ಅವಳು ನಮ್ಮ ಜೊತೆ ಮಾತು ಶುರು ಮಾಡಿದ್ದೇ ಇಲ್ಲ. ರೊಟ್ಟಿ ಬಡಿದು ಬಡಿದು ಪಳಗಿದ ಕೈ ಅದು. ನಾನು ಆರು ಅಡಿ ಬೆಳೆದ ಮೇಲೂ ತಪ್ಪಿಸಿಕೊಳ್ಳಲು ಆಗಿರಲಿಲ್ಲ.

ನಮ್ಮ ಕಡೆ ಊಟಕ್ಕೆ ಕುಳಿತವನು ‘ಸಾಕು’ ಎಂದರೆ ಬಡಿಸುವವರು ಅದನ್ನು ಮಾತೆಂದೇ ಎಣಿಸುವುದಿಲ್ಲ. ಎರಡನೆಯ ‘ಸಾಕು’ ಕೂಡ ಗಾಳಿಗೆ ಹೋಗುತ್ತದೆ. ಮೂರನೆಯ ಸಲ ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದರೆ, ಆಗ ಇನ್ನೊಂದೇ ಹೋಳಿಗೆ ಹಾಕಿ ನಿಲ್ಲಿಸುತ್ತಾರೆ. ಅವ್ವ ಮತ್ತು ಚಾಚಿ ಈ ಪದ್ಧತಿಯನ್ನು ಕೆಲಸಕ್ಕೂ ತಂದುಕೊಂಡಿದ್ದರು. ರೊಟ್ಟಿ ಬಡಿಯುವ ಹಲಗೆ ಬಿಟ್ಟು ಮೊದಲು ಏಳುವವಳು ಸೋತವಳು. ಇಂಥ ಒಪ್ಪಂದ ಆದದ್ದು ಯಾವಾಗ ಎಂದು ಕೇಳಿದರೆ ಇಬ್ಬರೂ ಅಂಥದ್ದೇನೂ ಇಲ್ಲ ಎನ್ನುತ್ತಿದ್ದರು. ಆದರೆ ಒಬ್ಬಳು ನೀರು ಕುಡಿಯಲು ಎದ್ದರೆ ಇನ್ನೊಬ್ಬಳ ಮುಖ ನೋಡಬೇಕಿತ್ತು.

ಹೋದ ವರ್ಷ ಚಾಚಿಯ ಏಟು ನೆತ್ತಿಯಿಂದ ಇಳಿಯತೊಡಗಿತು. ಮೊದಲು ಕಿವಿಗೆ ಬಂತು, ದೀಪಾವಳಿ ಹೊತ್ತಿಗೆ ಹೆಗಲಿಗೆ, ಸಂಕ್ರಾಂತಿಗೆ ನನ್ನ ಮೊಣಕೈಗೆ. ಮೊಣಕೈಗೆ ಬಿದ್ದ ದಿನ ಅಶ್ಫಾಕ ಮತ್ತು ನಾನು ಮುಖ ಮುಖ ನೋಡಿಕೊಂಡೆವು. ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದರೆ ಡಾಕ್ಟರು, ಭುಜ ಸವೆದಿದೆ, ಈಗಲೇ ರೊಟ್ಟಿ ಬಡಿಯುವುದನ್ನು ಬಿಟ್ಟರೆ ನಾಲ್ಕಾರು ತಿಂಗಳಲ್ಲಿ ಕೈ ಏರುತ್ತದೆ, ಇನ್ನೊಂದು ಮದುವೆ ಸುಗ್ಗಿ ಹೀಗೇ ಬಡಿದರೆ ಮತ್ತೆ ಏರುವುದಿಲ್ಲ ಎಂದರು. ತಲೆಗೆ ಎಣ್ಣೆ ಹಚ್ಚಿಕೊಳ್ಳಲೂ ಇನ್ನೊಬ್ಬರು ಬೇಕಾಗುತ್ತದೆ ಎಂದರು. ನನಗೆ ನಿಜವಾಗಿ ಹೆದರಿಕೆಯಾಯಿತು.

ಚಾಚಿ ಮರುದಿನ ಬೆಳಿಗ್ಗೆ ಮತ್ತೆ ಹಲಗೆಯ ಮುಂದೆ ಕುಳಿತಳು.

“ಅಮ್ಮಾ, ಡಾಕ್ಟರ್ ಏನ ಹೇಳ್ಯಾರ?” ಎಂದ ಅಶ್ಫಾಕ.

“ಹೇಳ್ಯಾರ. ಸಿದ್ದಕ್ಕ ಇನ್ನೂ ಬಡಿಯಾಕತ್ತಾಳ, ನಾ ಹೆಂಗ ಏಳಲಿ?”

ನಾನು ಅವ್ವನನ್ನು ಬದಿಗೆ ಕರೆದು, “ಅವ್ವಾ, ನೀನರ ಬಿಡು, ನಿನ್ನ ನೋಡಿ ಚಾಚಿ ಬಿಡ್ತಾಳ” ಎಂದೆ. ಅವ್ವ ಹಿಟ್ಟಿನ ಕೈ ಕೊಡವಿ, “ಮಾಬು ಕುಂತಾಳ. ನಾ ಹೆಂಗ ಏಳಲಿ?” ಎಂದಳು. ಅವಳ ಸೊಂಟವೂ ಗಟ್ಟಿಯಿರಲಿಲ್ಲ. ಏಳುವಾಗ ಗೋಡೆ ಹಿಡಿಯುತ್ತಿದ್ದಳು, ಯಾಕೆ ಎಂದರೆ ಗೋಡೆಗೆ ಜೇಡ ಕಟ್ಟಿದೆಯೇ ಎಂದು ನೋಡಿದೆ ಎನ್ನುತ್ತಿದ್ದಳು.

ಆಗ ಅಶ್ಫಾಕ ಬಾಗಲಕೋಟೆಯಲ್ಲಿ ಮುಚ್ಚಿಹೋಗಿದ್ದ ಒಂದು ಘಟಕದಿಂದ ಹಳೆಯ ರೊಟ್ಟಿ ಯಂತ್ರ ತಂದ. ಒಂದು ತುದಿಗೆ ಕಲಸಿದ ಹಿಟ್ಟು ಹಾಕಿದರೆ ತಟ್ಟಿ, ಕತ್ತರಿಸಿ, ಕಾದ ಪಟ್ಟಿಯ ಮೇಲೆ ಬೇಯಿಸಿ ಇನ್ನೊಂದು ತುದಿಗೆ ರೊಟ್ಟಿ ಬೀಳಿಸುವ ಯಂತ್ರ. ಅದರ ಹಳೆಯ ವಯರನ್ನೆಲ್ಲ ಕಿತ್ತು, ಪಿಎಲ್‌ಸಿ ಕೂರಿಸಿ, ಹೊಸ ಲ್ಯಾಡರ್ ಬರೆದ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬಂತೆ ನಾನು ಡಬ್ಬಿಗೆ ಬಣ್ಣ ಹೊಡೆದು, ಮೇಲೆ ಇಬ್ಬರು ತಾಯಂದಿರ ಹೆಸರೂ ಬರೆಸಿಬಿಟ್ಟಿದ್ದೆ.

ಇಬ್ಬರೂ ಸರಿಸಮ ಇರಬೇಕು ಎಂದು ಅಶ್ಫಾಕ ಯಂತ್ರದ ಎರಡು ತುದಿಗೆ ಎರಡು ಜೋಡಿ ಗುಂಡಿ ಇಟ್ಟ. ಹಸಿರು ಗುಂಡಿ ಇಬ್ಬರೂ ಒತ್ತಿದರೆ ಮಾತ್ರ ಯಂತ್ರ ಶುರು. ಕಪ್ಪು ಗುಂಡಿ ಇಬ್ಬರಲ್ಲಿ ಯಾರು ಒತ್ತಿದರೂ ನಿಲ್ಲುತ್ತದೆ. ಕೈಗೆ ಅಪಾಯ ಬಂದರೆ ಒತ್ತಲು ನಡುವೆ ಒಂದು ದೊಡ್ಡ ಕೆಂಪು ಗುಂಡಿ. ಅವನ ಹರಿದ ಪುಸ್ತಕದಲ್ಲಿ ಇದೇ ಇತ್ತು, ಹರಿಯದ ಪುಸ್ತಕದಲ್ಲೂ ಇದೇ ಇರುತ್ತದೆ. ಶುರುವಿಗೆ ಎಲ್ಲರ ಒಪ್ಪಿಗೆ, ನಿಲ್ಲಲು ಒಬ್ಬರ ಮಾತು. ಜಗತ್ತಿನ ಎಲ್ಲಾ ಕಾರ್ಖಾನೆಗೂ ಸರಿಯಾದ ಕಟ್ಟಳೆ.

ಒಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ ಟ್ರಯಲ್ ಇಟ್ಟೆವು. ಕೈ ತೊಳೆದುಕೊಂಡು ಬಂದು ಇಬ್ಬರೂ ಹಸಿರು ಗುಂಡಿ ಒತ್ತಿದರು. ಮೊದಲ ರೊಟ್ಟಿ ಉಬ್ಬಿ ಬಂದು ಬಿತ್ತು. ಅವ್ವ ಮುರಿದು ತಿಂದು, “ಆಗಬಹುದು” ಎಂದಳು. ಚಾಚಿಯೂ ತಿಂದು, “ಹೂಂ” ಎಂದಳು. ಮುದುಕಿಯರ ಮನಸ್ಸು ಗೆದ್ದೆವು ಎಂದು ನಾವಿಬ್ಬರೂ ಹೋಗಿ ಉಪ್ಪಿಟ್ಟು ತಿಂದು ಬಂದೆವು.

ಹನ್ನೊಂದೂವರೆಗೆ ಬಂದು ನೋಡಿದರೆ ಯಂತ್ರ ಓಡುತ್ತಲೇ ಇತ್ತು. ಅಂದಿಗೆ ಬೇಕಾದಷ್ಟು ರೊಟ್ಟಿ ಆಗಲೇ ಆಗಿತ್ತು. ಅವ್ವ ಒಂದು ತುದಿಗೆ ಹಿಟ್ಟು ತುಂಬುತ್ತಿದ್ದಳು, ಚಾಚಿ ಇನ್ನೊಂದು ತುದಿಗೆ ರೊಟ್ಟಿ ಒಟ್ಟುತ್ತಿದ್ದಳು, ಇಬ್ಬರೂ ಒಬ್ಬರ ಕಪ್ಪು ಗುಂಡಿಯನ್ನು ಒಬ್ಬರು ವಾರೆಗಣ್ಣಿನಲ್ಲಿ ಕಾಯುತ್ತಿದ್ದರು.

“ಅವ್ವಾ, ಸಾಕಲ್ಲ?” ಎಂದೆ.

“ನನಗೇನ ದಣಿವಾಗಿಲ್ಲಪ್ಪ. ಮಾಬುಗ ಕೇಳು.”

“ನನಗೇನಾಗೇತಿ?” ಎಂದಳು ಚಾಚಿ. “ಸಿದ್ದಕ್ಕಗ ಸಾಕಾಗಿದ್ರ ಒತ್ತಲಿ.”

ಹನ್ನೆರಡಕ್ಕೆ ಹಿಟ್ಟು ಮುಗಿಯಿತು. ನಾನು ದೇವರಿಗೆ ಕೈ ಮುಗಿದೆ. ಅವ್ವ ಪಕ್ಕದ ಮನೆಯಿಂದ ಒಂದು ಡಬ್ಬಿ ಹಿಟ್ಟು ಕಡ ತಂದಳು. ಅದನ್ನು ನೋಡಿ ಚಾಚಿ ತನ್ನ ಓಣಿಯಿಂದ ಎರಡು ಡಬ್ಬಿ ತರಿಸಿದಳು. ಆಮೇಲೆ ನನ್ನನ್ನೇ ಗಿರಣಿಗೆ ಅಟ್ಟಿದರು. ಬುಟ್ಟಿ ತುಂಬಿದವು, ಹೊರಸು ತುಂಬಿದವು, ಹಗ್ಗಕ್ಕೆ ಕಟ್ಟಿದ ಇಳಕಲ್ ಸೀರೆಯ ಮಡಿಕೆಯಲ್ಲೂ ರೊಟ್ಟಿ. ಅಂಗಡಿಯಿಂದ ನನ್ನ ಹೊಸ ಡಬ್ಬಿಗಳನ್ನು ತಂದು ಅವುಗಳಲ್ಲಿಯೂ ಒಟ್ಟಿದರು. ಒಂದು ಸಿಮೆಂಟ್ ಕಾರ್ಖಾನೆಗೆ ಹೋಗಬೇಕಾದ ಡಬ್ಬಿಗಳು ಅವು. ನಾನು ಕೂಗಾಡಿದೆ, ಯಾರೂ ಕೇಳಲಿಲ್ಲ. ಅಶ್ಫಾಕ ತಡೆಯಲಾರದೆ ನಡುವಿನ ಕೆಂಪು ಗುಂಡಿಯ ಕಡೆ ಕೈ ಚಾಚಿದ.

“ಅಶ್ಫಾಕ, ಅದರ ತಂಟೇಕ ಹೋದ್ರ ನೋಡು” ಎಂದಳು ಚಾಚಿ. “ಮಾಬುಗ ಆಗಲಿಲ್ಲ, ಅದಕ್ಕ ಮಗಾ ಒತ್ತಿದಾ ಅಂತಾಳ ಸಿದ್ದಕ್ಕ.”

ಅವ್ವ, “ನಾ ಯಾಕ ಅನ್ನಲಿ?” ಎಂದಳು. ಖಂಡಿತ ಅನ್ನುತ್ತಿದ್ದಳು.

ಮಧ್ಯಾಹ್ನ ಎರಡು ನಲವತ್ತಕ್ಕೆ ಕರೆಂಟು ಹೋಯಿತು. ಅಶ್ಫಾಕನ ಲ್ಯಾಚ್ ಕಾಲು ತೆಗೆಯಿತು, ಯಂತ್ರ ನಿಂತಿತು. ಇಬ್ಬರೂ ಅಲ್ಲೇ ನೆಲಕ್ಕೆ ಕುಸಿದು ಕುಳಿತರು.

“ಕರೆಂಟ್ ಹೋತು, ಇಲ್ಲಾಂದ್ರ ಸಂಜೀತನಕ ನಡಸ್ತಿದ್ದೆ” ಎಂದಳು ಅವ್ವ, ಗೋಡೆಯ ಜೇಡ ನೋಡುತ್ತಾ. ಚಾಚಿ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅದನ್ನು ಅಶ್ಫಾಕ ನೋಡಿದ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಂಜೆ ಇಬ್ಬರೂ ಒಂದಾಗಿ, ಈ ಯಂತ್ರಕ್ಕೆ ನಿಲ್ಲುವುದೇ ಗೊತ್ತಿಲ್ಲ, ಇಂಥದ್ದು ನಮಗೆ ಬೇಡ, ಸೋಮವಾರದೊಳಗೆ ಶೆಡ್ಡಿನಿಂದ ತೆಗೆಯಿರಿ, ಮಂಗಳವಾರದಿಂದ ಮದುವೆ ರೊಟ್ಟಿ ಶುರು ಎಂದು ತೀರ್ಪು ಕೊಟ್ಟರು. ಮದುವೆ ರೊಟ್ಟಿ ಎಂದರೆ ಡಾಕ್ಟರು ಬೇಡ ಎಂದಿದ್ದ ಅದೇ ಸುಗ್ಗಿ. ನಮ್ಮ ಓಣಿಯವರು ಮಾತ್ರ ಎರಡು ತಿಂಗಳು ಒಣಗಿ ಕಟಕಾದ ಆ ರೊಟ್ಟಿ ತಿಂದು, ನನ್ನನ್ನು ಕಂಡಾಗಲೆಲ್ಲ ದವಡೆ ಸವರಿಕೊಂಡರು.

ಶುಕ್ರವಾರ ನಾನು ಅಶ್ಫಾಕನ ಮನೆಗೆ ಊಟಕ್ಕೆ ಹೋದೆ. ಅವನ ಎದುರಿನ ತಾಟಿನಲ್ಲಿ ಅನ್ನ ಆರಿ ತಣ್ಣಗಾಗಿತ್ತು.

“ಲ್ಯಾಡರ್ ತಪ್ಪಿಲ್ಲ” ಎಂದ. “ಪ್ರತಿ ಮೆಟ್ಟಿಲಾ ನೋಡೇನಿ. ಏನೂ ತಪ್ಪಿಲ್ಲ. ನಮ್ಮಮ್ಮನ ಕೈ ಮಾತ್ರ ಹೋಗತೈತಿ.”

ಹುನಗುಂದದಿಂದ ಸೊಸೆಯಾಗಿ ಬಂದ ಅವನ ಹೆಂಡತಿ ಆರಿಫಾ ಸಾರು ಬಡಿಸುತ್ತಿದ್ದಳು. ಅವಳದು ಮಾತು ಕಡಿಮೆ. ಮನೆಯಲ್ಲಿ ಅಶ್ಫಾಕ ಇರುವಾಗ ಬೇರೆಯವರಿಗೆ ಅವಕಾಶವೂ ಕಡಿಮೆ.

“ನಮ್ಮ ನಿಕಾಹ್ ಹೆಂಗ ಕೂಡಿತು, ನೆನಪೈತೇನ್ರಿ?” ಎಂದಳು.

“ಈಗ ಅದು ಯಾಕ?”

“ಗಂಡಿನವರು ಮೊದಲು ಕೇಳಲಿ ಅಂತ ನಮ್ಮಪ್ಪ ಕುಂತಿದ್ರು. ಹೆಣ್ಣಿನವರು ಮೊದಲು ಹೇಳಿ ಕಳಸಲಿ ಅಂತ ನಿಮ್ಮಮ್ಮ ಕುಂತಿದ್ರು. ಒಂದು ವರ್ಷ ಹಂಗ ಹೋತು. ಆಮ್ಯಾಲ ಬಳಿ ಮಾರೂ ರಂಗವ್ವ ನಮ್ಮ ಮನಿಗಿ ಬಂದು ಬಳಿ ಇಡಸೂ ನೆವದಾಗ ನಮ್ಮಪ್ಪನ ಒಪ್ಪಿಗಿ ಇಸಗೊಂಡು ಹೊಟ್ಟ್ಯಾಗ ಇಟಗೊಂಡ್ಳು. ಒಬ್ಬರಿಗೂ ಹೇಳಲಿಲ್ಲ. ಹದಿನೈದು ದಿನಕ್ಕ ನಿಮ್ಮಮ್ಮಂದೂ ಇಸಗೊಂಡ್ಳು. ಎರಡೂ ಹೊಟ್ಟ್ಯಾಗ ಕೂಡಿದ ಮ್ಯಾಲ ಒಂದ ದಿನ ಎರಡೂ ಮನಿಗಿ ಹೋಗಿ, ‘ಅವರು ಒಪ್ಪ್ಯಾರ’ ಅಂದ್ಳು. ನಮ್ಮಪ್ಪ ಇವತ್ತಿಗೂ ನೀವ ಮೊದಲ ಕೇಳಿದ್ರಿ ಅಂತಾರ.”

“ನಮ್ಮಮ್ಮ ನಿಮ್ಮವರ ಮೊದಲು ಹೇಳಿ ಕಳಿಸಿದ್ರು ಅಂತಾಳ” ಎಂದ ಅಶ್ಫಾಕ. ಅಷ್ಟು ಹೇಳಿ ಅವನು ಬಾಯಿ ತೆರೆದುಕೊಂಡೇ ಕುಳಿತ. ಆಮೇಲೆ ಎಂಜಲು ಕೈಯಲ್ಲೇ ಎದ್ದು, ಹಳೆಯ ಪೇಪರು ಎಳೆದು ಏಣಿ ಬರೆಯತೊಡಗಿದ. ಸಾರಿನ ಕೈ ಒತ್ತಿದಲ್ಲೆಲ್ಲ ಮೆಟ್ಟಿಲ ಮೇಲೆ ಹಳದಿ ಬೊಟ್ಟು ಬಿದ್ದವು.

ಹೊಸ ಲ್ಯಾಡರಿನಲ್ಲಿ ಯಾರ ಕಪ್ಪು ಗುಂಡಿ ಒತ್ತಿದರೂ ಯಂತ್ರ ನಿಲ್ಲುವುದಿಲ್ಲ. ಒತ್ತಿದ್ದನ್ನು ಅದು ಲ್ಯಾಚ್ ಹಾಕಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ದೀಪ ಹತ್ತುವುದಿಲ್ಲ, ಸದ್ದು ಬರುವುದಿಲ್ಲ. ಇನ್ನೊಬ್ಬಳ ‘ಸಾಕು’ ಕೂಡ ಬಂದು ಸೇರಿದ ಮೇಲೆ, ಎರಡೂ ಕೂಡಿ, ಯಂತ್ರ ತಾನಾಗಿ ನಿಲ್ಲುತ್ತದೆ. ಯಾರು ಮೊದಲು ಎಂಬುದನ್ನು ಬರೆದಿಟ್ಟುಕೊಳ್ಳುವುದೂ ಇಲ್ಲ. ಅಪಾಯದ ಕೆಂಪು ಗುಂಡಿ ಮೊದಲಿನ ಹಾಗೇ, ಅದು ಯಾರನ್ನೂ ಕಾಯುವುದಿಲ್ಲ. ಕಪ್ಪು ಗುಂಡಿಗಳನ್ನು ನಾನು ಮೇಜಿನ ಅಂಚಿನ ಕೆಳಗೆ, ಸೆರಗು ಮರೆಯಾಗುವಲ್ಲಿಗೆ ಸರಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ರವಿವಾರ ಹತ್ತು ಗಂಟೆಗೆ ಇಬ್ಬರನ್ನೂ ಬೇಡಿಕೊಂಡು ಕರೆತಂದೆವು. ಹೊಸ ಕಟ್ಟಳೆಯನ್ನು ಅಶ್ಫಾಕ ಇಬ್ಬರಿಗೂ ಬೇರೆಬೇರೆಯಾಗಿ, ಕಿವಿಯಲ್ಲಿ ಹೇಳಿದ. ಇಬ್ಬರೂ, “ನನಗ್ಯಾಕ ಬೇಕು ಅದು” ಎಂದು ಮುಖ ತಿರುವಿ, ಹಸಿರು ಗುಂಡಿ ಒತ್ತಿದರು. ನಾವು ಶೆಡ್ಡಿನ ಬಿದಿರು ತಟ್ಟಿಯ ಹಿಂದೆ ಹೋಗಿ ಲ್ಯಾಪ್‌ಟಾಪ್ ತೆರೆದು ಕುಳಿತೆವು. ಪರದೆಯ ಮೇಲೆ ಏಣಿ ಇತ್ತು. ಯಾವ ಗುಂಡಿ ಒತ್ತಿದರೆ ಆ ಮೆಟ್ಟಿಲು ಹಸಿರಾಗುತ್ತದೆ.

ಯಂತ್ರ ಓಡಿತು. ರೊಟ್ಟಿ ಬಿದ್ದವು. ತಟ್ಟಿಯ ಸಂದಿಯಿಂದ ನೋಡಿದರೆ ಇಬ್ಬರೂ ಕಲ್ಲಿನ ಹಾಗೆ ನಿಂತಿದ್ದರು. ಮತ್ತೆ ನನ್ನ ಡಬ್ಬಿಗಳ ಗತಿ ಏನು ಎಂದು ಚಿಂತಿಸುತ್ತಿರುವಾಗ ಅಶ್ಫಾಕ ಥಟ್ಟನೆ ಎರಡೂ ಕೈಯನ್ನು ಪರದೆಯ ಮೇಲೆ ಅಡ್ಡ ಹಿಡಿದ, ಊಟಕ್ಕೆ ಕುಳಿತವನು ತಾಟು ಮುಚ್ಚುವ ಹಾಗೆ.

“ಒಂದು ಬಂತು” ಎಂದ.

“ಯಾರದಲೇ?”

“ಹೇಳೂದಿಲ್ಲ. ಸಾಕು, ಹಂಗ ನೋಡಬ್ಯಾಡ.”

ನಾನು ಅವನ ಬೆರಳು ಬಿಡಿಸಲು ಜಗ್ಗಾಡುತ್ತಿರುವಾಗಲೇ ಶೆಡ್ಡಿನಲ್ಲಿ ಸದ್ದು ಇಳಿಯಿತು. ಯಂತ್ರ ನಿಂತಿತು.

“ಅಯ್ಯ, ತಾನ ನಿಂತಿತಲ್ಲ ಮಾಬು” ಎಂದಳು ಅವ್ವ.

“ಹೌದಲ್ಲ ಸಿದ್ದಕ್ಕ. ದಣಿದಿರಬೇಕು, ಹಳೇ ಮಷೀನ” ಎಂದಳು ಚಾಚಿ. “ನಡಿ, ಒಂದೀಟು ಚಾ ಕುಡದು ಬರೂಣು.”

ನಾನು ಗಡಿಯಾರ ನೋಡಿದೆ. ಮೂವತ್ತು ವರ್ಷ ಒಬ್ಬರೂ ಆಡದ ಮಾತನ್ನು ಇಬ್ಬರೂ ಹನ್ನೊಂದು ನಿಮಿಷದೊಳಗೆ ಅಂದು ಮುಗಿಸಿದ್ದರು. ಅಶ್ಫಾಕ ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ತಲೆ ಇಟ್ಟ.

ಆ ಸೋಮವಾರ ಯಂತ್ರವನ್ನು ಯಾರೂ ತೆಗೆಯಿರಿ ಎನ್ನಲಿಲ್ಲ. ಮದುವೆ ಸುಗ್ಗಿಯ ರೊಟ್ಟಿಯೆಲ್ಲ ಅದರಿಂದಲೇ ಆಯಿತು. ದಿನಕ್ಕೆ ಏಳೆಂಟು ಸಲ ಅದು ‘ತಾನಾಗಿ’ ನಿಲ್ಲುತ್ತಿತ್ತು, ಇಬ್ಬರೂ ಅದನ್ನು ಬೈದುಕೊಂಡು ಹೋಗಿ ಕಾಲು ಚಾಚಿ ಕೂರುತ್ತಿದ್ದರು. ನಾವು ಅದಕ್ಕೆ ರಂಗವ್ವ ಎಂದು ಹೆಸರಿಟ್ಟೆವು. ಬಳೆ ಮಾರುವ ನಿಜವಾದ ರಂಗವ್ವ ಸುದ್ದಿ ಕೇಳಿ ನೋಡಲು ಬಂದು, “ನನ್ನ ಹೆಸರಿನಾಕಿ ಬರೇ ಕೈಲೆ ಇದ್ರ ಹೆಂಗ?” ಎಂದು ಯಂತ್ರದ ಹಿಡಿಕೆಗೆ ಒಂದು ಡಜನ್ ಹಸಿರು ಬಳೆ ಏರಿಸಿ ಹೋದಳು. ಓಡುವಾಗ ಅವು ಗಲಗಲ ಎನ್ನುತ್ತವೆ.

ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು.

“ಮಾಂತೇಶ, ನಿನ್ನ ಗೆಳೆಯಾಗ ಕೇಳು. ಮೊದಲ ದಿನ ಮೊದಲು ಒತ್ತಿದಾಕಿ ಯಾರು ಅಂತ.”

“ಯಾಕ, ಗೆದ್ದೆ ಅನಿಸ್ಕೋಬೇಕೇನ?”

ಅವ್ವ ಸೆರಗಿನ ತುದಿ ಸುತ್ತುತ್ತಾ ನಿಂತಳು. “ಮಾಬು ಒತ್ತಿದ್ರ ನನಗ ಸಮಾಧಾನ. ನಾ ಹತ್ತ ವರ್ಷದ ಹಿಂದನ ಬಿಡಬೇಕಂತಿದ್ದೆ. ನಾ ಎದ್ರ ಅಕಿನೂ ಏಳಬೇಕು, ಆಮ್ಯಾಲ ಒಬ್ಬಾಕೀನ ಮನ್ಯಾಗ ಕುಂತು ಏನ ಮಾಡ್ಯಾಳು ಅಂತ ಕುಂತೆ. ಅಕಿ ಕೈ ನನ್ನ ಸಲುವಾಗಿ ಹೋದಂಗ ಆತಲ್ಲೋ.”

ನಾನು ನೆಟ್ಟಗೆ ಶೆಡ್ಡಿಗೆ ಹೋದೆ. ಅಶ್ಫಾಕ ಯಂತ್ರದ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ಚಾಚಿ ಬುಟ್ಟಿ ಒರೆಸುತ್ತಿದ್ದಳು.

“ಚಾಚಿ, ಖರೇ ಹೇಳು” ಎಂದೆ. “ಅವತ್ತ ಮೊದಲ ಒತ್ತಿದ್ದು ನೀನ ಹೌದಲ್ಲ?”

ಅವಳು ಬುಟ್ಟಿ ಕೆಳಗಿಟ್ಟಳು. ಫಟ್ಟೆಂದು ಒಂದು ಬಿತ್ತು, ಮೊಣಕೈಗಲ್ಲ, ಹೆಗಲಿಗಲ್ಲ, ಆರು ಅಡಿ ಎತ್ತರದಲ್ಲಿದ್ದ ನನ್ನ ನೆತ್ತಿಯ ನಟ್ಟನಡುವೆ. ಕಣ್ಣಲ್ಲಿ ನೀರು ಬಂತು. ಎಲ್ಲವೂ ಏಟಿನದಲ್ಲ.

“ಲೇ ಅಶ್ಫಾಕ, ಕೈ ಏರಿತಲೇ” ಎಂದೆ.

ಅವನು ಯಂತ್ರದ ಕೆಳಗಿನಿಂದ ಏಳುವ ಗಡಿಬಿಡಿಯಲ್ಲಿ ತಲೆಯನ್ನು ಕಬ್ಬಿಣಕ್ಕೆ ಹೊಡೆದುಕೊಂಡು, ಅದನ್ನು ಉಜ್ಜಿಕೊಳ್ಳುತ್ತಲೇ ಬಂದು ನನ್ನ ಪಕ್ಕ ಎದೆ ಸೆಟೆಸಿ ನೆಟ್ಟಗೆ ನಿಂತ. “ನನಗೂ ಒಂದು ಹಾಕಮ್ಮಾ” ಎಂದ. ಅವಳು ಹಾಕಿದಳು. ಇನ್ನೊಮ್ಮೆ ನೋಡೋಣ ಎಂದ. ಇನ್ನೊಮ್ಮೆಯೂ ಹಾಕಿದಳು. ಆಮೇಲೆ ನನ್ನ ಸರದಿ, ಮತ್ತೆ ಅವನದು.

ಹಿತ್ತಲಿನಿಂದ ಬಂದ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಕಣ್ಣು ಚಾಚಿಯ ಕೈ ಎಲ್ಲಿಯವರೆಗೆ ಏಳುತ್ತದೆ ಎಂಬುದರ ಮೇಲೇ ಇತ್ತು.

“ಸಾಕ ಬಿಡ ಮಾಬು” ಎಂದಳು, ಎಲ್ಲರಿಗೂ ಕೇಳುವಂತೆ.

ಮೂವತ್ತು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಮೊದಲು ಬಂದದ್ದು ಅಂದೇ. ಆದರೆ ನಮ್ಮ ಕಡೆ ಮೊದಲನೆಯ ‘ಸಾಕು’ ಎಣಿಕೆಗೆ ಬರುವುದಿಲ್ಲ. ಚಾಚಿ ನಮ್ಮಿಬ್ಬರಿಗೂ ಇನ್ನೊಂದೊಂದು ಹಾಕಿದಳು.